ಫೋಟೋ ನೋಡಿ ಘಾಟಿ ಗುರುತಿಸುವುದು ಹೇಗೆ? ಮೈಸೂರು, ಮಂಡ್ಯ ಸವಾರರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಬೈಕ್ ಗುಂಪಿನಲ್ಲಿ ಬುಧವಾರ ರಾತ್ರಿ ಒಂದು ಫೋಟೋ ಬರುತ್ತದೆ. ಬೆಟ್ಟದ ರಸ್ತೆ, ಒಂದು ತಿರುವು, ಕೆಲವು ಸಲ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕು. ಜೊತೆಗೆ ಒಂದೇ ಮಾತು: "ಎಲ್ಲಿ, ಹೇಳಿ ನೋಡೋಣ." ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿ ಇಳಿದು, ನಜರ್‌ಬಾದಿನಲ್ಲಿ ದೋಸೆಗೆ ಕೂತಾಗ ಉತ್ತರ ಹೊರಗೆ ಬರುತ್ತದೆ. ಸರಿ ಹೇಳಿದವರ ತಿಂಡಿ ದುಡ್ಡು ಫೋಟೋ ಹಾಕಿದವರದ್ದು. ಮಂಡ್ಯದಿಂದ ಬರುವ ಇಬ್ಬರು ಗೆಳೆಯರು ಈ ಆಟಕ್ಕಾಗಿಯೇ ಐದು ಗಂಟೆಗೆ ಎದ್ದು ಹೊರಡುತ್ತಾರೆ.

ಶುರುವಿನಲ್ಲಿ ನಾವೆಲ್ಲ ನೋಟವನ್ನೇ ನೋಡುತ್ತಿದ್ದೆವು. ಮಂಜು ಕಂಡರೆ ಊಟಿ, ಸೂರ್ಯ ಮುಳುಗುತ್ತಿದ್ದರೆ ಆಗುಂಬೆ, ಹಸಿರು ಗುಡ್ಡ ಕಂಡರೆ ಮುಳ್ಳಯ್ಯನಗಿರಿ. ಹತ್ತಕ್ಕೆ ಏಳು ಸಲ ತಪ್ಪುತ್ತಿತ್ತು. ಯಾಕೆಂದರೆ ಮಂಜು, ಕಣಿವೆ, ಮುಳುಗುವ ಸೂರ್ಯ ಎಲ್ಲಾ ಘಾಟಿಗೂ ಇದೆ. ಊರಿನಿಂದ ಊರಿಗೆ ಬದಲಾಗುವುದು ರಸ್ತೆಯ ಅಂಚು. ಕಲ್ಲು, ತಡೆಗೋಡೆ, ಚರಂಡಿ, ಬೋರ್ಡು, ಅಂಚಿನಲ್ಲಿ ನಿಂತ ಮರ. ಈ ಆಟದಲ್ಲಿ ಗೆಲ್ಲಬೇಕಾದರೆ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು.

ಇದಕ್ಕೆ ಮೈಸೂರಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ಸುಮಾರು 60 ಕಿಲೋಮೀಟರ್ ಹೋದರೆ ಗುಂಡ್ಲುಪೇಟೆ. ಅಲ್ಲಿ ದಾರಿ ಕವಲಾಗಿ ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಚಾಮರಾಜನಗರದ ಕಡೆ ಹೋದರೆ ದಿಂಬಂ ಘಾಟಿ. ಪಶ್ಚಿಮಕ್ಕೆ ಹೋದರೆ ಮಡಿಕೇರಿ, ಆಮೇಲೆ ಸಂಪಾಜೆ ಘಾಟಿ. ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಮೂರು ರಾಜ್ಯಗಳ ಬೆಟ್ಟದ ರಸ್ತೆ ಕಣ್ಣಿಗೆ ಬೀಳುತ್ತದೆ.

ಮೊದಲು ಮನೆ ಹತ್ತಿರ ಕಣ್ಣು ಪಳಗಲಿ

ದೂರದ ಘಾಟಿಗೆ ಹಾರಬೇಡಿ. ಒಂದು ಭಾನುವಾರ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹತ್ತು ಫೋಟೋ ತೆಗೆಯಿರಿ. ಒಂದು ಷರತ್ತು: ಲಲಿತ ಮಹಲ್, ರೇಸ್ ಕೋರ್ಸ್, ಊರು ಯಾವುದೂ ಚೌಕಟ್ಟಿನೊಳಗೆ ಬರಬಾರದು. ರಸ್ತೆ, ಗೋಡೆ, ಬಂಡೆ, ಮರ ಅಷ್ಟೇ ಇರಲಿ. ಮುಂದಿನ ವಾರ ಮೇಲುಕೋಟೆಗೆ ಹೋಗಿ ಅದೇ ರೀತಿ ಹತ್ತು. ಆಮೇಲೆ ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟದಲ್ಲಿ ಹತ್ತು. ಮೂವತ್ತನ್ನೂ ಕಲಸಿ ಮನೆಯವರ ಕೈಗೆ ಕೊಟ್ಟು, ಒಂದೊಂದೇ ತೋರಿಸಲು ಹೇಳಿ.

ಮೊದಲ ದಿನ ತಬ್ಬಿಬ್ಬಾಗುತ್ತೀರಿ. ಮೂರನೇ ದಿನಕ್ಕೆ ಗೋಡೆಯ ಎತ್ತರ, ಬಂಡೆಯ ಬಣ್ಣ, ಗೋಡೆಯಾಚೆ ಕಾಣುವ ಗದ್ದೆಯ ಹಸಿರು ತಾವಾಗಿಯೇ ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಮುಂದಿನದೆಲ್ಲ ಇದೇ ಕೆಲಸ, ದೊಡ್ಡ ಮಟ್ಟದಲ್ಲಿ.

ಫೋಟೋ ಉಲ್ಟಾ ಇದೆಯಾ?

ಕೆಲವರು ಬೇಕಂತಲೇ ಫೋಟೋವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಹಾಕುತ್ತಾರೆ. ಎಡ ತಿರುವು ಬಲ ತಿರುವಾಗಿಬಿಡುತ್ತದೆ. ಆಮೇಲೆ ಇಡೀ ದಿನ ಮ್ಯಾಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಮೊದಲು ಬೈಕನ್ನೇ ನೋಡಿ. ಸೈಡ್ ಸ್ಟ್ಯಾಂಡ್ ಇರುವುದು ಎಡಗಡೆ, ಬೈಕು ವಾಲುವುದೂ ಎಡಕ್ಕೆ. ಎಡ, ಬಲ ಅಂದರೆ ಸೀಟಿನ ಮೇಲೆ ಕೂತ ಸವಾರನ ಎಡ, ಬಲ. ಫೋಟೋದಲ್ಲಿ ಬೈಕು ಸವಾರನ ಬಲಕ್ಕೆ ವಾಲಿದ್ದರೆ ಚಿತ್ರ ತಿರುಗಿದೆ. ಬೈಕಿಲ್ಲದಿದ್ದರೆ ಎದುರಿಗೆ ಬರುವ ಲಾರಿ ಯಾವ ಪಕ್ಕದಲ್ಲಿದೆ ನೋಡಿ.

ಅಕ್ಷರ ಓದಲಾಗದಿದ್ದರೂ ಅದರ ಆಕಾರ ಹೇಳುತ್ತದೆ

ಬೋರ್ಡು ಮಸುಕಾಗಿದೆ, ಓದಲು ಆಗುತ್ತಿಲ್ಲ ಅಂತ ಜನ ಕೈಬಿಡುತ್ತಾರೆ. ಓದುವ ಅಗತ್ಯವೇ ಇಲ್ಲ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಅಕ್ಷರಗಳು ಚೌಕ ಚೌಕವಾಗಿ, ನೆಟ್ಟಗಿನ ಗೆರೆಗಳು ಜಾಸ್ತಿ ಇದ್ದರೆ ತಮಿಳು. ಉಂಡೆ ಉಂಡೆಯಾಗಿ, ಬಳ್ಳಿ ಸುತ್ತಿಕೊಂಡ ಹಾಗಿದ್ದರೆ ಮಲಯಾಳಂ. ಕೆಳಗೆ ಗುಂಡಗಿದ್ದು ತಲೆಯ ಮೇಲೆ ಸಣ್ಣ ಕೊಕ್ಕೆಗಳ ಸಾಲು ಕಂಡರೆ ಅದು ನಮ್ಮ ತಲಕಟ್ಟು, ಕನ್ನಡ.

ವಾಹನದ ನಂಬರ್ ಇದ್ದರೆ ಇನ್ನೂ ಸುಲಭ. ಕೆಎ 09 ಮತ್ತು 55 ಮೈಸೂರು, 11 ಮಂಡ್ಯ, 10 ಚಾಮರಾಜನಗರ, 12 ಮಡಿಕೇರಿ, 18 ಚಿಕ್ಕಮಗಳೂರು, 46 ಸಕಲೇಶಪುರ. ಟಿಎನ್ 43 ನೀಲಗಿರಿ. ಕೆಎಲ್ 12 ವಯನಾಡು. ಆದರೆ ಫೋಟೋದಲ್ಲಿರುವ ಬೈಕು, ಕಾರಿನ ನಂಬರನ್ನು ನಂಬಬೇಡಿ, ಅವು ನಮ್ಮ ಹಾಗೆ ಸುತ್ತಲು ಬಂದವು. ಆಟೋ, ಹಾಲಿನ ಗಾಡಿ, ಸ್ಕೂಲ್ ವ್ಯಾನ್ ನೋಡಿ. ಅವು ಊರು ಬಿಟ್ಟು ದೂರ ಹೋಗುವುದಿಲ್ಲ. ನಾನು ಫೋಟೋ ದೊಡ್ಡದು ಮಾಡಿದಾಗ ಮೊದಲು ಹುಡುಕುವುದು ಆಟೋವನ್ನು.

ಕಿಲೋಮೀಟರ್ ಕಲ್ಲು

ನನ್ನ ಪ್ರಕಾರ ಇಡೀ ಫೋಟೋದಲ್ಲಿ ಇದಕ್ಕಿಂತ ಬೆಲೆಯ ವಸ್ತು ಇಲ್ಲ. ಹೆಸರು ಕಾಣದಿದ್ದರೂ ತಲೆಯ ಬಣ್ಣ ಸಾಕು. ಹಳದಿ ತಲೆ ರಾಷ್ಟ್ರೀಯ ಹೆದ್ದಾರಿ. ಹಸಿರು ರಾಜ್ಯ ಹೆದ್ದಾರಿ. ಕಪ್ಪು ಅಥವಾ ನೀಲಿ ಜಿಲ್ಲಾ ರಸ್ತೆ. ಕಿತ್ತಳೆ ಬಣ್ಣವಾದರೆ ಹಳ್ಳಿ ರಸ್ತೆ. ಒಂದು ಚುಕ್ಕೆ ಬಣ್ಣದಿಂದ ಅರ್ಧಕ್ಕಿಂತ ಹೆಚ್ಚು ರಸ್ತೆಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಹಳದಿ ತಲೆ ಕಂಡ ಮೇಲೆ ಮುಳ್ಳಯ್ಯನಗಿರಿಯ ದಾರಿ ಅಂತ ವಾದ ಮಾಡುವ ಹಾಗಿಲ್ಲ, ಅಲ್ವಾ?

ಹಳೆಯ ಫೋಟೋ ಆದರೆ ಹೆದ್ದಾರಿ ನಂಬರಿನಲ್ಲಿ ಎಚ್ಚರ ಬೇಕು. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ನಂಬರ್ ಬಂತು. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ಈಗಿನ 766 ಆಗ 212. ಊಟಿಯ ದಾರಿ 67 ಇದ್ದದ್ದು 181 ಆಯಿತು. ದಿಂಬಂ ದಾರಿ 209 ಹೋಗಿ 948. ಶಿರಾಡಿ 48ರಿಂದ 75ಕ್ಕೆ, ಚಾರ್ಮಾಡಿ 234ರಿಂದ 73ಕ್ಕೆ ಬಂತು. ಮಡಿಕೇರಿ, ಸಂಪಾಜೆಯ 275 ಮೊದಲು ರಾಜ್ಯ ಹೆದ್ದಾರಿ 88 ಆಗಿತ್ತು. ಹಾಗಾಗಿ ಆ ರಸ್ತೆಯ ಹಳೆಯ ಫೋಟೋದಲ್ಲಿ ಹಸಿರು ತಲೆಯ ಕಲ್ಲು ಕಂಡರೆ ಗಾಬರಿ ಬೇಡ. ಬೋರ್ಡಿನಲ್ಲಿ 212 ಅಂತ ಕಂಡರೆ ಜಾಗದ ಜೊತೆಗೆ ಕಾಲದ ಸುಳಿವೂ ಸಿಕ್ಕಿತು.

ತಿರುವಿನ ಲೆಕ್ಕ

ದೊಡ್ಡ ಘಾಟಿಗಳಲ್ಲಿ ಹೇರ್‌ಪಿನ್ ತಿರುವಿಗೆ ನಂಬರ್ ಹಾಕಿರುತ್ತಾರೆ. ತಮಿಳುನಾಡಿನಲ್ಲಿ ಇದು ಜಾಸ್ತಿ. ಅಲ್ಲಿ ತಿರುವಿಗೆ 'ಕೊಂಡೈ ಊಸಿ ವಳೈವು' ಎನ್ನುತ್ತಾರೆ, ಅಂದರೆ ಮುಡಿಪಿನ್ನಿನ ತಿರುವು. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಹಟ್ಟಿ ಘಾಟಿಯಲ್ಲಿ 36. ದಿಂಬಂನಲ್ಲಿ 27. ವಾಲ್ಪಾರೈಗೆ 40. ಕೊಲ್ಲಿ ಬೆಟ್ಟಕ್ಕೆ 70. ವಯನಾಡಿನ ಲಕ್ಕಿಡಿಯಿಂದ ಕೆಳಗಿಳಿಯುವ ತಾಮರಶ್ಶೇರಿ ಚುರಂನಲ್ಲಿ 9. ನಮ್ಮ ಆಗುಂಬೆಯಲ್ಲಿ 14.

ಈ ಅಂಕಿಗಳು ಬಾಯಿಪಾಠ ಇರಲಿ. ಬೋರ್ಡಿನಲ್ಲಿ 31 ಅಂತ ಕಂಡರೆ ದಿಂಬಂ, ಆಗುಂಬೆ, ತಾಮರಶ್ಶೇರಿ ಮೂರೂ ಒಂದೇ ಏಟಿಗೆ ಹೋದವು. 52 ಕಂಡರೆ ಕೊಲ್ಲಿ ಬೆಟ್ಟ ಒಂದೇ ಉಳಿಯಿತು. 8 ಕಂಡರೆ ಏನೂ ಹೇಳಲು ಬರುವುದಿಲ್ಲ, ಮುಂದಿನ ಹೆಜ್ಜೆಗೆ ಹೋಗಿ.

ಗಿಡಮರ: ಇಲ್ಲಿ ನಿಧಾನ ಮಾಡಿ

ಬೋರ್ಡನ್ನು ಫೋಟೋದಿಂದ ಕತ್ತರಿಸಬಹುದು. ಕಾಡನ್ನು ಕತ್ತರಿಸಲು ಆಗುವುದಿಲ್ಲ. ಅದಕ್ಕೇ ಚೆನ್ನಾಗಿ ಆಡುವವರೆಲ್ಲ ಮರ ಓದುತ್ತಾರೆ.

ಒಂದು ಫೋಟೋ ಕಥೆ ಹೇಳುತ್ತೇನೆ. ತಿರುವಿನ ಎರಡೂ ಕಡೆ ಟೀ ತೋಟ. ಬೆಳಗಿನ ಮಂಜು. ಹನ್ನೊಂದು ಜನರಲ್ಲಿ ಒಂಬತ್ತು ಜನ ಊಟಿ, ಕೂನೂರು ಅಂದರು. ನಾನೂ ಅದನ್ನೇ ಬರೆದಿದ್ದೆ. ಮಂಡ್ಯದ ಗೆಳೆಯ ಮಾತ್ರ ಒಪ್ಪಲಿಲ್ಲ. ಅವನು ಹಳ್ಳಿಯವನು, ಮನೆಯ ಹಿಂದೆ ತೋಟ ಇದೆ. ಫೋಟೋದ ಬಲ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದ. ಟೀ ಗಿಡಗಳ ಹಿಂದೆ, ಮಂಜಿನಲ್ಲಿ ಅರ್ಧ ಮುಚ್ಚಿದ ಹಾಗೆ, ನಾಲ್ಕು ತೆಳ್ಳನೆಯ ಕಾಂಡಗಳು. ತುದಿಯಲ್ಲಿ ಪೊರಕೆಯಂಥ ಗರಿ. "ಅಡಿಕೆ ಮರ ಕಣ್ರೋ. ಊಟಿ ಚಳಿಗೆ ಅಡಿಕೆ ಎಲ್ಲಿ ಬರುತ್ತೆ?" ಅಂದ.

ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಟೀ ಜೊತೆಗೆ ನೀಲಗಿರಿ ಮರ, ಪೈನ್, ವ್ಯಾಟಲ್ ಇರುತ್ತವೆ. ಅಡಿಕೆ, ಹಲಸು ಇರುವುದಿಲ್ಲ. ಟೀ ಮತ್ತು ಅಡಿಕೆ ಒಂದೇ ಚೌಕಟ್ಟಿನಲ್ಲಿ ಕಂಡರೆ ಜಾಗ ತಗ್ಗಿನಲ್ಲಿದೆ ಎಂದರ್ಥ. ಹಾಗಾದರೆ ಒಂದೋ ಗೂಡಲೂರು ಸುತ್ತಮುತ್ತ, ಇಲ್ಲವೇ ವಯನಾಡು. ಇವೆರಡರ ನಡುವೆ ಗಿಡದಿಂದ ತೀರ್ಮಾನ ಕಷ್ಟ, ಮತ್ತೆ ಅಕ್ಷರಕ್ಕೆ ಬರಬೇಕು. ದೂರದಲ್ಲಿ ಬಸ್ ತಂಗುದಾಣ ಇತ್ತು. ಅದರ ಹಣೆಯ ಮೇಲಿನ ಮಸುಕು ಬರಹ ಉಂಡೆ ಉಂಡೆಯಾಗಿತ್ತು. ವಯನಾಡು. ಆ ಭಾನುವಾರ ಅವನು ಎರಡು ಮಸಾಲೆ ದೋಸೆ ತಿಂದ.

ಇದೇ ರೀತಿ ಕೆಲವು ಜೋಡಿಗಳನ್ನು ನೆನಪಿಟ್ಟುಕೊಳ್ಳಿ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಕೆಳಗೆ ಕಾಫಿ ಇರುತ್ತದೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರು, ವಯನಾಡು ಎಲ್ಲಾ ಕಡೆ ಈ ನೋಟ ಇದೆ. ಮರದ ಕಾಂಡಕ್ಕೆ ಓರೆ ಗಾಯ, ಅದರ ಕೆಳಗೆ ಕಟ್ಟಿದ ಚಿಪ್ಪು ಕಂಡರೆ ರಬ್ಬರ್. ರಬ್ಬರ್ ಕಂಡರೆ ಘಾಟಿ ಇಳಿದು ಮುಗಿಯುತ್ತಾ ಬಂದಿದೆ, ಸುಳ್ಯದ ಕಡೆಯೋ ಕೇರಳದ ಕಡೆಯೋ ಇದ್ದೀರಿ ಎಂದು ತಿಳಿಯಿರಿ. ತೇಗ, ಬಿದಿರು, ಕೆಳಗೆ ಲಂಟಾನ, ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರಿ ಬೋಳಾದ ಕಾಡು ಅಂದರೆ ಬಂಡೀಪುರದಂಥ ಒಣ ಕಾಡು. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಗುಂಪು ಗುಂಪಾಗಿ ದಟ್ಟ ಮರ ಇದ್ದರೆ ಅದು ಶೋಲಾ. ಕುದುರೆಮುಖ, ಬಾಬಾ ಬುಡನ್‌ಗಿರಿ, ನೀಲಗಿರಿಯ ಮೇಲ್ಭಾಗ ಇವೇ ಮೊದಲು ನೆನಪಿಗೆ ಬರಬೇಕು.

ಪಾಚಿಯನ್ನೂ ಮರೆಯಬೇಡಿ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮೈಸೂರಿಗೆ ಸುಮಾರು 800. ತಡೆಗೋಡೆ ಪಾಚಿ ಕಟ್ಟಿ ಹಸಿರಾಗಿದ್ದು, ಸಂದಿಯಲ್ಲಿ ಜರಿಗಿಡ ಎದ್ದಿದ್ದರೆ ಪಶ್ಚಿಮದ ಮಗ್ಗುಲು. ಗೋಡೆ ಬಿಸಿಲಿಗೆ ಬೆಳ್ಳಗಾಗಿ, ಬುಡದಲ್ಲಿ ಒಣ ಹುಲ್ಲಿದ್ದರೆ ನಮ್ಮ ಕಡೆ ಅಥವಾ ತಮಿಳುನಾಡಿನ ಕಡೆಯ ಇಳಿಜಾರು.

ರಸ್ತೆಯ ಮೈ, ಗೋಡೆಯ ಕಲ್ಲು, ರೈಲು

ಘಾಟಿ ರಸ್ತೆ ಅಂದರೆ ಸಾಮಾನ್ಯವಾಗಿ ಡಾಂಬರು. ಕಾಂಕ್ರೀಟ್ ಕಂಡರೆ ಕಿವಿ ನೆಟ್ಟಗಾಗಲಿ. ಅಗಲ ಕಾಂಕ್ರೀಟ್, ಸಾಲುಗಟ್ಟಿದ ಲಾರಿ, ಪಕ್ಕದಲ್ಲಿ ಹೊಳೆ ಇದ್ದರೆ ಶಿರಾಡಿ. ಕಿರಿದಾದ ಕಾಂಕ್ರೀಟ್, ಎರಡೂ ಕಡೆಯಿಂದ ಕಾಡು ಮುಚ್ಚಿಕೊಂಡಿದ್ದರೆ ಬಿಸ್ಲೆ ಇರಬಹುದು.

ಮನೆ ಅಥವಾ ಕಾಂಪೌಂಡ್ ಗೋಡೆ ಕಂಡರೆ ಕಲ್ಲು ನೋಡಿ. ತೂತು ತೂತಾದ ಕೆಂಪು ಮುರಕಲ್ಲು ಕರಾವಳಿ ಮತ್ತು ಕೇರಳದ್ದು. ಬೂದು ಬಣ್ಣದ ಸೈಜುಗಲ್ಲು ನಮ್ಮ ಬಯಲುಸೀಮೆಯದ್ದು.

ರೈಲು ಹಳಿ ಸಿಕ್ಕರೆ ಅದೃಷ್ಟ. ಹಳಿಗಳ ನಡುವೆ ಹಲ್ಲಿರುವ ಮೂರನೇ ಪಟ್ಟಿ ಕಂಡರೆ ಅದು ನೀಲಗಿರಿ ಬೆಟ್ಟದ ರೈಲು, ಮೇಟ್ಟುಪಾಳಯಂ ಮತ್ತು ಕೂನೂರಿನ ನಡುವಿನ ಏರು. ಕಣಿವೆಯಾಚೆಯ ಕಾಡಿನಲ್ಲಿ ಎತ್ತರದ ರೈಲು ಸೇತುವೆ ಇಣುಕಿದರೆ ಸಕಲೇಶಪುರ, ಸುಬ್ರಹ್ಮಣ್ಯ ಮಾರ್ಗ, ಅಂದರೆ ನೀವು ಶಿರಾಡಿ ಸುತ್ತಮುತ್ತ ಇದ್ದೀರಿ.

ನೆರಳು

ನಡು ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಮೈಸೂರಿನ ಅಕ್ಷಾಂಶದಲ್ಲಿ ಅದು ವರ್ಷಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ನೆರಳು ದಕ್ಷಿಣಕ್ಕೆ. ಮಳೆಗಾಲದ ಫೋಟೋದಲ್ಲಿ ಇದನ್ನು ಮರೆತರೆ ದಿಕ್ಕು ಪೂರ್ತಿ ತಿರುಗಿಬಿಡುತ್ತದೆ. ಹುಲ್ಲಿನ ಬಣ್ಣ ನೋಡಿ ತಿಂಗಳು ಅಂದಾಜು ಮಾಡಿ, ಆಮೇಲೆ ನೆರಳಿಗೆ ಬನ್ನಿ.

ಬೆಳಗ್ಗೆ, ಸಂಜೆ ಇಷ್ಟು ಗೋಜಲಿಲ್ಲ. ಕೆಳಗಿನ ಬಯಲಿನ ಮೇಲೆ ಸೂರ್ಯ ಮುಳುಗುತ್ತಿದ್ದರೆ ಘಾಟಿ ಕರಾವಳಿಯ ಕಡೆ ಮುಖ ಮಾಡಿದೆ. ಅಷ್ಟೇ ಹೇಳಬಹುದು. ಅದು ಆಗುಂಬೆಯೇ ಆಗಬೇಕಿಲ್ಲ, ಚಾರ್ಮಾಡಿಯೂ ಆಗಬಹುದು, ಹುಲಿಕಲ್ ಆಗಬಹುದು.

ಈಗ ಮ್ಯಾಪ್ ತೆರೆಯಿರಿ

ಮ್ಯಾಪನ್ನು ಇಷ್ಟು ಹೊತ್ತು ತಡೆದದ್ದಕ್ಕೆ ಕಾರಣ ಇದೆ. ಮೊದಲೇ ತೆರೆದರೆ ಸುಮ್ನೆ ಅಲೆಯುತ್ತೀರಿ. ಈಗ ನಿಮ್ಮ ಕೈಯಲ್ಲಿ ಎರಡೋ ಮೂರೋ ಘಾಟಿ ಉಳಿದಿರುತ್ತವೆ.

ಒಂದು ಕಾಗದ ತೆಗೆದುಕೊಳ್ಳಿ. ಫೋಟೋದಲ್ಲಿ ಕಾಣುವ ರಸ್ತೆಯನ್ನು ಮೇಲಿನಿಂದ ನೋಡಿದರೆ ಹೇಗಿರುತ್ತದೋ ಹಾಗೆ ಗೆರೆ ಎಳೆಯಿರಿ. ಎಡಕ್ಕೆ ದೊಡ್ಡ ತಿರುವು, ಸ್ವಲ್ಪ ನೇರ, ಬಲಕ್ಕೆ ಬಿಗಿ ತಿರುವು, ಒಳಮಡಿಕೆಯಲ್ಲಿ ಮೋರಿ. ಕಣಿವೆ ಯಾವ ಪಕ್ಕ ಅಂತ ಬಾಣ ಹಾಕಿ. ನೆರಳಿನಿಂದ ಸಿಕ್ಕ ದಿಕ್ಕನ್ನೂ ಬರೆಯಿರಿ. ಇನ್ನು ಉಪಗ್ರಹ ಚಿತ್ರದಲ್ಲಿ ಆ ಘಾಟಿಯ ಬುಡದಿಂದ ಬೆರಳಿಟ್ಟು ಒಂದೊಂದೇ ತಿರುವು ಏರುತ್ತಾ ಬನ್ನಿ. ಗೆರೆ ಹೊಂದುವ ಕಡೆ ನಿಲ್ಲಿ. ಕಾಡು ರಸ್ತೆಯನ್ನು ಮುಚ್ಚಿದ್ದರೆ ಟೆರೈನ್ ನೋಟಕ್ಕೆ ಬದಲಾಯಿಸಿ, ಎತ್ತರದ ಗೆರೆಗಳು ತಿರುವನ್ನು ತೋರಿಸುತ್ತವೆ.

ನಂತರ ಗೂಗಲ್ ಅರ್ಥ್‌ನಲ್ಲಿ ಅದೇ ಜಾಗಕ್ಕೆ ಹೋಗಿ ನೋಟವನ್ನು ನೆಲಮಟ್ಟಕ್ಕೆ ಬಾಗಿಸಿ. ಹಿಂದಿನ ಬೆಟ್ಟಸಾಲು ಫೋಟೋದ ಬೆಟ್ಟಸಾಲಿಗೆ ಹೊಂದಬೇಕು. ಒಂದು ಶಿಖರ ಹೊಂದಿದರೆ ಸಾಲದು, ಮೂರು ಏರಿಳಿತವಾದರೂ ಸಾಲಾಗಿ ಹೊಂದಬೇಕು. ಸ್ಟ್ರೀಟ್ ವ್ಯೂ 2022ರಲ್ಲಿ ಭಾರತಕ್ಕೆ ಬಂತು. ಇದ್ದರೆ ನೋಡಿ, ಆದರೆ ಸಣ್ಣ ಘಾಟಿಗಳಿಗೆ ಅದನ್ನೇ ನಂಬಿ ಕೂರಬೇಡಿ. ಫೋಟೋ ಫೈಲಿನೊಳಗಿನ ಜಾಗದ ಮಾಹಿತಿ ಹುಡುಕುವುದೂ ವ್ಯರ್ಥ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಅದು ಅಳಿಸಿಹೋಗುತ್ತದೆ.

ಹೋಗಿ ನೋಡುವುದು

ಉತ್ತರ ಖಚಿತವಾಗುವುದು ಚಕ್ರ ಅಲ್ಲಿ ನಿಂತಾಗ. ಆದರೆ ಎಲ್ಲಿ ನಿಲ್ಲುತ್ತೀರಿ ಎಂಬುದು ಮುಖ್ಯ. ಒಮ್ಮೆ ಸಂಪಾಜೆ ಇಳಿಯುವಾಗ ಫೋಟೋಗೆ ಹೊಂದುವ ಕೋನ ಹುಡುಕುತ್ತಾ ತಿರುವಿನ ಒಳಗೇ ಬೈಕ್ ನಿಲ್ಲಿಸಿದೆ. ಕೆಳಗಿನಿಂದ ಬಂದ ಲಾರಿಗೆ ತಿರುಗಲು ಪೂರ್ತಿ ರಸ್ತೆ ಬೇಕಿತ್ತು. ಅದರ ಹಿಂದಿನ ಚಕ್ರ ನನ್ನ ಹ್ಯಾಂಡಲಿನಿಂದ ಒಂದು ಗೇಣು ದೂರದಲ್ಲಿ ಹೋಯಿತು. ಚಾಲಕನ ತಪ್ಪು ಏನೂ ಇರಲಿಲ್ಲ. ಅಂದಿನಿಂದ ತಿರುವು ದಾಟಿ, ಎರಡೂ ಕಡೆ ಚೆನ್ನಾಗಿ ಕಾಣುವ ಅಗಲ ಜಾಗದಲ್ಲಿ ಬೈಕ್ ಬಿಟ್ಟು ನಡೆದು ಬರುತ್ತೇನೆ. ದಯವಿಟ್ಟು ನೀವೂ ಹಾಗೇ ಮಾಡಿ.

ಬಂಡೀಪುರದ ಕಾಡಿನ ರಸ್ತೆಯಲ್ಲಿ ನಿಲ್ಲಲೇಬೇಡಿ, ಅದಕ್ಕೆ ಅನುಮತಿಯಿಲ್ಲ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಸಂಚಾರ ಬಂದ್ ಇರುತ್ತದೆ, ಹೊರಡುವ ಹೊತ್ತು ಲೆಕ್ಕ ಹಾಕಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಇನ್ನೊಂದು ಮಾತು. ಯಾರದೋ ತೋಟದೊಳಗಿನ ದಾರಿ, ಕಾಡಿನ ಒಳಗಿನ ಸಣ್ಣ ಜಲಪಾತ ಇಂಥ ಜಾಗ ಗೊತ್ತಾದರೆ ಉತ್ತರವನ್ನು ಫೋಟೋ ಹಾಕಿದವರಿಗೆ ಮಾತ್ರ ಹೇಳಿ. ಗುಂಪಿಗೆಲ್ಲ ಲೊಕೇಶನ್ ಕಳಿಸಿದರೆ ಮುಂದಿನ ವಾರ ಅಲ್ಲಿ ಬಾಟಲಿಗಳು ಬಿದ್ದಿರುತ್ತವೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ, ಮನೆಯ ಆಲ್ಬಮ್

ಈ ವಿದ್ಯೆಯನ್ನು ಹಳೆಯ ಫೋಟೋಗಳ ಮೇಲೂ ಪ್ರಯೋಗಿಸಿ. ನಮ್ಮ ಮನೆಯಲ್ಲಿ ಒಂದು ಕಪ್ಪು ಬಿಳುಪು ಚಿತ್ರ ಇದೆ, ಹಿಂದೆ 1979 ಅಂತ ಬರೆದಿದೆ. ಅಪ್ಪ ಯೆಜ್ಡಿ ಪಕ್ಕ ನಿಂತಿದ್ದಾರೆ. ಮೈಸೂರಿನಲ್ಲೇ ತಯಾರಾದ ಗಾಡಿ. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಬೈಕುಗಳು ಹೊರಗೆ ಬರುತ್ತಿದ್ದವು. ಎಲ್ಲಿ ತೆಗೆದದ್ದು ಅಂತ ಕೇಳಿದರೆ ಅಪ್ಪ "ಎಲ್ಲೋ ಟ್ರಿಪ್ ಹೋದಾಗ ಮಗಾ, ನೆನಪಿಲ್ಲ" ಅನ್ನುತ್ತಿದ್ದರು.

ಫೋಟೋದಲ್ಲಿ ಕಿಲೋಮೀಟರ್ ಕಲ್ಲು ಇತ್ತು, ಆದರೆ ಅಪ್ಪನ ಕಾಲು ಅಡ್ಡ. ಕಾಣುತ್ತಿದ್ದದ್ದು 'ಪೇಟೆ' ಮತ್ತು 8. ಬಣ್ಣ ಇಲ್ಲದ ಫೋಟೋ, ತಲೆಯ ಬಣ್ಣ ತಿಳಿಯದು. ನಮ್ಮ ಸುತ್ತ ಪೇಟೆಗಳು ನಾಲ್ಕು: ಗುಂಡ್ಲುಪೇಟೆ, ಕೃಷ್ಣರಾಜಪೇಟೆ, ವಿರಾಜಪೇಟೆ, ಸೋಮವಾರಪೇಟೆ. ರಸ್ತೆ ಪಕ್ಕ ಬಯಲು ಹೊಲ, ಕಾಫಿಯ ನೆರಳು ಇಲ್ಲ. ವಿರಾಜಪೇಟೆ, ಸೋಮವಾರಪೇಟೆ ಹೋದವು. ಹಿಂದೆ ಉದ್ದಕ್ಕೆ ಮಲಗಿದ ದೊಡ್ಡ ಬೆಟ್ಟ. ಅಂಥ ಬೆಟ್ಟ ಕೃಷ್ಣರಾಜಪೇಟೆಯ ಪಕ್ಕ ಇಲ್ಲ. ಗುಂಡ್ಲುಪೇಟೆ ಉಳಿಯಿತು. ಬಿಸಿಲು ಬೆಟ್ಟದ ಮುಖಕ್ಕೆ ನೇರ ಬಿದ್ದಿತ್ತು. ಊಟಿಗೆ ಹೋಗುವಾಗ ಗೋಪಾಲಸ್ವಾಮಿ ಬೆಟ್ಟ ಬಲಕ್ಕೆ, ಅಂದರೆ ಪಶ್ಚಿಮಕ್ಕೆ ಇರುತ್ತದೆ. ಹಾಗಾದರೆ ಹೊತ್ತು ಬೆಳಗ್ಗೆ. ಜಾಗ ಹಂಗಳದ ಆಸುಪಾಸು.

ಹೋದ ಡಿಸೆಂಬರಿನಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋದೆ. ಆ ಕಲ್ಲು ಇರಲಿಲ್ಲ. ಫೋಟೋವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ರಸ್ತೆ ಅಂಚಿನಲ್ಲಿ ಮುಂದೆ ಹಿಂದೆ ನಡೆದೆ. ಬೆಟ್ಟದ ಗೆರೆಯಲ್ಲಿನ ಒಂದು ತಗ್ಗು ಮೊದಲು ಹೊಂದಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ಹೋದಾಗ ಕಾಗದದ ಗೆರೆ, ಬೆಟ್ಟದ ಗೆರೆ ಒಂದರ ಮೇಲೊಂದು ಕೂತವು. ಅಪ್ಪ ಫೋಟೋ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಹೊಸ ಕಲ್ಲು ಸ್ವಲ್ಪ ಆಚೆ ಕಂಡಿತು. ನನ್ನನ್ನು, ಬೈಕನ್ನು ಅಲ್ಲಿ ನಿಲ್ಲಿಸಿ ನನ್ನ ಮೊಬೈಲ್ ತೆಗೆದುಕೊಂಡರು.

"ಸ್ವಲ್ಪ ಪಕ್ಕಕ್ಕೆ ನಿಂತ್ಕೋ ಮಗಾ, ಊರ ಹೆಸರು ಕಾಣ್ಲಿ" ಅಂದರು.